ಕಣ್ಣಿನೊಳಗೆ ಇಂಜೆಕ್ಷನ್: ಕಾಸರಗೋಡಿನ ಓದುಗರು ಕೇಳಿದ್ದು

ಕಳೆದ ಸಂಚಿಕೆಯಲ್ಲಿ ಕಣ್ಣಿನ ಪೊರೆ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕಾಸರಗೋಡು ಕಡೆಯವೇ ಜಾಸ್ತಿ, ಅವುಗಳಲ್ಲಿ ಹೆಚ್ಚಿನವು ಪೊರೆಯ ಬಗ್ಗೆ ಅಲ್ಲವೇ ಅಲ್ಲ. "ಪೊರೆ ತೆಗೆಸಿ ಆಯಿತು, ಆದರೂ ಅಪ್ಪನಿಗೆ ಪೇಪರ್ ಓದಲು ಆಗುತ್ತಿಲ್ಲ, ಈಗ ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು ಅಂತಿದ್ದಾರೆ, ಏನು ಮಾಡುವುದು?" ಅನ್ನುವಂಥವು. ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನನ್ನ ಮಾವನಿಗೆ 74 ವರ್ಷ. ತೋಟದಲ್ಲಿ ಅಡಿಕೆ ಮರಗಳು ನಡುವಲ್ಲಿ ಡೊಂಕಾಗಿ ಕಾಣುತ್ತವೆ ಅಂತ ಮಳೆಗಾಲದಿಂದಲೂ ಹೇಳುತ್ತಿದ್ದರು, ವಯಸ್ಸಾಯಿತಲ್ಲ ಅಂತ ನಾವು ಸುಮ್ಮನಿದ್ದೆವು. ಮೊನ್ನೆ ಯಕ್ಷಗಾನದ ಆಟ ನೋಡಲು ಹೋಗಿ ಬಂದವರು "ವೇಷದ ಕಿರೀಟ ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ" ಅಂದರು. ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ವೆಟ್ ಎಎಂಡಿ, ತಿಂಗಳಿಗೆ ಒಂದರಂತೆ ಮೊದಲು ಮೂರು ಇಂಜೆಕ್ಷನ್ ಬೇಕು ಅಂದಿದ್ದಾರೆ. ಮಾವ "ಕಣ್ಣು ಹೋದರೂ ಅಡ್ಡಿಯಿಲ್ಲ, ಕಣ್ಣಿಗೆ ಸೂಜಿ ಬೇಡ" ಅಂತ ಹಟ ಹಿಡಿದು ಕೂತಿದ್ದಾರೆ. ಡ್ರಾಪ್ಸ್, ಮಾತ್ರೆ, ಲೇಸರ್ ಹೀಗೆ ಬೇರೆ ಏನೂ ಇಲ್ವಾ ಡಾಕ್ಟ್ರೇ?
— ಗೃಹಿಣಿ, ಬದಿಯಡ್ಕ

ಉತ್ತರ: ನಿಮ್ಮ ಮಾವ ಹೇಳಿದ ಆ ಎರಡು ಮಾತು ಇವೆಯಲ್ಲ, ಮರ ಡೊಂಕು, ಮುಖ ಮಾಯ, ಈ ಕಾಯಿಲೆಯನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ಪರದೆ ಇದೆ. ಅದರ ನಟ್ಟನಡುವೆ ಇರುವ ಚಿಕ್ಕ ಜಾಗ ಮ್ಯಾಕ್ಯುಲಾ. ಓದುವುದು, ಮುಖದ ಗುರುತು ಹಿಡಿಯುವುದು, ಸೂಜಿಗೆ ನೂಲು ಪೋಣಿಸುವುದು ಎಲ್ಲ ಆ ಚಿಕ್ಕ ಜಾಗದಿಂದಲೇ. ವಯಸ್ಸಾದಂತೆ ಕೆಲವರಲ್ಲಿ ಅದು ಸವೆಯುತ್ತದೆ, ಎಎಂಡಿ ಅನ್ನುವುದು ಇದಕ್ಕೇ. ನಿಧಾನಕ್ಕೆ, ವರ್ಷಗಟ್ಟಲೆ ಸವೆಯುತ್ತಾ ಹೋಗುವುದು ಒಣ ಬಗೆ, ಡಾಕ್ಟರರು ಡ್ರೈ ಅನ್ನುತ್ತಾರೆ. ಮ್ಯಾಕ್ಯುಲಾದ ಅಡಿಯಲ್ಲಿ ಇರಬಾರದ ಹೊಸ ರಕ್ತನಾಳಗಳು ಹುಟ್ಟಿ, ಅವುಗಳಿಂದ ನೀರು, ರಕ್ತ ಸೋರಿ ಪರದೆ ಉಬ್ಬುವುದು ವೆಟ್ ಬಗೆ. ಪರದೆ ಉಬ್ಬಿದ್ದರಿಂದಲೇ ನೇರ ಇರುವ ಮರ ಡೊಂಕಾಗಿ ಕಂಡದ್ದು. ಸುತ್ತಲಿನ ನೋಟಕ್ಕೆ ಏನೂ ಆಗಿರುವುದಿಲ್ಲ, ಅದಕ್ಕೇ ಕಿರೀಟ ಕಂಡಿತು, ಮುಖ ಕಾಣಲಿಲ್ಲ.

ಈ ವೆಟ್ ಬಗೆ ಕಾಯುವುದಿಲ್ಲ, ವಾರಗಳಲ್ಲಿ ಕೆಡುತ್ತದೆ. ಸೋರಿದ ಜಾಗ ಕಲೆಗಟ್ಟಿತು ಅಂದರೆ ಆಮೇಲೆ ಯಾವ ಇಂಜೆಕ್ಷನ್ ಕೊಟ್ಟರೂ ಆ ನೋಟ ವಾಪಸ್ ಬರುವುದಿಲ್ಲ. ಆದ್ದರಿಂದ "ಅಡಿಕೆ ಕೊಯ್ಲು ಮುಗಿಯಲಿ", "ಮಗ ಗಲ್ಫಿನಿಂದ ಬರಲಿ" ಅಂತ ದಯವಿಟ್ಟು ಮುಂದೆ ಹಾಕಬೇಡಿ.

ಬೇರೆ ದಾರಿ ಕೇಳಿದ್ದೀರಿ. ಈ ಸೋರಿಕೆ ನಿಲ್ಲಿಸುವ ಡ್ರಾಪ್ಸ್ ಇಲ್ಲ, ಮಾತ್ರೆಯೂ ಇಲ್ಲ. ಮೊದಲು ಲೇಸರ್ ಇತ್ತು, ಅದು ಸೋರುವ ನಾಳದ ಜೊತೆಗೆ ಮೇಲಿದ್ದ ಪರದೆಯನ್ನೂ ಸುಡುತ್ತಿತ್ತು. ಆಮೇಲೆ ರಕ್ತಕ್ಕೆ ಔಷಧ ಕೊಟ್ಟು ಅದರ ಮೇಲೆ ಬೆಳಕು ಬಿಡುವ ಚಿಕಿತ್ಸೆ ಬಂತು. ಅದರಿಂದ ಹಾಳಾಗುವ ವೇಗ ಕಡಿಮೆಯಾಯಿತು, ನೋಟ ಸುಧಾರಿಸಿದ್ದು ಕಡಿಮೆ. ಪರಿಸ್ಥಿತಿ ಬದಲಾದದ್ದು 2005, 2006ರ ಹೊತ್ತಿಗೆ. ಹೊಸ ರಕ್ತನಾಳ ಬೆಳೆಯಲು ದೇಹದಲ್ಲೇ ತಯಾರಾಗುವ ವಿಇಜಿಎಫ್ ಅನ್ನುವ ಪ್ರೋಟೀನು ಕುಮ್ಮಕ್ಕು ಕೊಡುತ್ತದೆ, ಈ ಇಂಜೆಕ್ಷನ್ ಆ ಪ್ರೋಟೀನನ್ನೇ ಹಿಡಿದು ಕಟ್ಟಿಹಾಕುತ್ತದೆ. 2006ರಲ್ಲಿ ರಾನಿಬಿಜುಮಾಬ್ ಅನ್ನುವ ಔಷಧದ ದೊಡ್ಡ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ತಿಂಗಳು ತಿಂಗಳು ಇಂಜೆಕ್ಷನ್ ತೆಗೆದುಕೊಂಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರ ನೋಟ ವರ್ಷದ ಕೊನೆಗೂ ಹೆಚ್ಚು ಕೆಡದೆ ಉಳಿಯಿತು. ಹೆಚ್ಚು ಡೋಸ್ ಪಡೆದ ಗುಂಪಿನಲ್ಲಿ ಮೂರರಲ್ಲಿ ಒಬ್ಬರಿಗೆ ಮೊದಲಿಗಿಂತ ಚಾರ್ಟಿನಲ್ಲಿ ಮೂರು ಸಾಲು ಜಾಸ್ತಿ ಓದಲು ಆಯಿತು. ಅದಕ್ಕೆ ಮುಂಚೆ ಈ ಕಾಯಿಲೆಯವರಿಗೆ ಹೀಗೆ ಹೇಳುವ ಧೈರ್ಯ ಯಾವ ಕಣ್ಣಿನ ಡಾಕ್ಟರಿಗೂ ಇರಲಿಲ್ಲ.

ಇನ್ನು ಸೂಜಿಯ ಭಯ. ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ. ಮೊದಲು ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕುತ್ತಾರೆ, ಕೆಲವು ಸಲ ಸ್ವಲ್ಪ ಬಿಟ್ಟು ಮತ್ತೆ ಹಾಕುತ್ತಾರೆ. ಆಪರೇಶನ್ ಕೋಣೆಯಲ್ಲಿ ಮಲಗಿಸಿ ರೆಪ್ಪೆ, ಕಣ್ಣು ಎಲ್ಲ ಕಂದು ಬಣ್ಣದ ಅಯೋಡಿನ್ ದ್ರಾವಣದಲ್ಲಿ ತೊಳೆಯುತ್ತಾರೆ, ಕೀವಾಗದಂತೆ ಕಾಯುವುದು ಮುಖ್ಯವಾಗಿ ಅದೇ. ಮುಖಕ್ಕೆ ಬಟ್ಟೆ ಮುಚ್ಚಿ, ರೆಪ್ಪೆ ಮುಚ್ಚಿಕೊಳ್ಳದ ಹಾಗೆ ಸಣ್ಣ ಕ್ಲಿಪ್ ಇಡುತ್ತಾರೆ, ಸತ್ಯ ಹೇಳುವುದಾದರೆ ಹೆಚ್ಚಿನವರಿಗೆ ಕಿರಿಕಿರಿ ಆಗುವುದು ಆ ಕ್ಲಿಪ್ಪಿನದ್ದೇ. ಆಮೇಲೆ "ಮೇಲೆ ನೋಡಿ" ಅಥವಾ "ಆ ಕಡೆ ನೋಡಿ" ಅನ್ನುತ್ತಾರೆ. ಸೂಜಿ ಹೋಗುವುದು ಕರಿಗುಡ್ಡೆಗೆ ಅಲ್ಲ, ಅದರ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ದೂರದಲ್ಲಿ ಕಣ್ಣಿನ ಬಿಳಿ ಭಾಗಕ್ಕೆ. ಸೂಜಿ ಎದುರಿಗೆ ಬರುವುದು ಕಾಣುವುದೇ ಇಲ್ಲ. ಒಳಗೆ ಹೋಗುವ ಔಷಧ 0.05 ಮಿಲಿ, ಅಂದರೆ ಒಂದು ಹನಿಯಷ್ಟು. ಒಂದಿಷ್ಟು ಒತ್ತಿದ ಹಾಗೆ ಅನ್ನಿಸುತ್ತದೆ, ಕೆಲವು ಸೆಕೆಂಡಿನಲ್ಲಿ ಮುಗಿಯಿತು. ಅದೇ ದಿನ ಮನೆಗೆ.

ಮೊದಲ ಸಲ ಮೈ ಬಿಗಿ ಹಿಡಿದು ನಡುಗುತ್ತಾ ಮಲಗಿದವರು ಎರಡನೇ ಸಲಕ್ಕೆ ತಾವೇ ಹೋಗಿ ಮೇಜಿನ ಮೇಲೆ ಮಲಗುವುದನ್ನು ನಾನು ದಿನಾ ನೋಡುತ್ತೇನೆ. ಊರಲ್ಲಿ ಈ ಇಂಜೆಕ್ಷನ್ ತೆಗೆದುಕೊಂಡವರು ಯಾರಾದರೂ ಇದ್ದರೆ ಮಾವನ ಹತ್ತಿರ ಮಾತಾಡಿಸಿ. ನಾವು ಹೇಳುವುದಕ್ಕಿಂತ ಅವರು ಹೇಳಿದರೆ ಬೇಗ ನಾಟುತ್ತದೆ.

ಪ್ರಶ್ನೆ: ನನ್ನ ತಂದೆ ಮೂರು ಇಂಜೆಕ್ಷನ್ ತೆಗೆದುಕೊಂಡರು. ನೋಟ ಮೊದಲಿನ ಹಾಗೆ ಆಗಲಿಲ್ಲ, ಇನ್ನು ದುಡ್ಡು ದಂಡ ಅಂತ ನಿಲ್ಲಿಸಬೇಕು ಅಂದುಕೊಂಡಿದ್ದಾರೆ. ಇವರದ್ದೇ ಇನ್ನೊಂದು ಕಣ್ಣಿಗೆ 2020ರಲ್ಲಿ ಇದೇ ಚಿಕಿತ್ಸೆ ನಡೆಯುತ್ತಿತ್ತು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದ ಮೇಲೆ ಮಂಗಳೂರಿಗೆ ಹೋಗಲು ಆಗದೆ ತಿಂಗಳುಗಟ್ಟಲೆ ತಪ್ಪಿತು, ಆ ಕಣ್ಣಿನ ನಡುಭಾಗ ಈಗ ಪೂರ್ತಿ ಕಪ್ಪು. ಎಷ್ಟು ಇಂಜೆಕ್ಷನ್ ಕೊಟ್ಟರೆ ಇದು ಪೂರ್ತಿ ವಾಸಿ ಆಗುತ್ತದೆ?
— ಓದುಗ, ಉಪ್ಪಳ

ಉತ್ತರ: ನಿಮ್ಮ ಪತ್ರ ಓದಿ ನನಗೆ ಬಹಳ ಬೇಜಾರಾಯಿತು. ಆ ಮಾರ್ಚ್, ಏಪ್ರಿಲ್‌ನಲ್ಲಿ ಗಡಿಯ ಆಚೆ ಸಿಕ್ಕಿಹಾಕಿಕೊಂಡ ಕಣ್ಣಿನ ರೋಗಿಗಳ ಲೆಕ್ಕ ಯಾರೂ ಇಡಲಿಲ್ಲ. ಹೃದಯ, ಡಯಾಲಿಸಿಸ್ ಎದುರಿಗೆ ಕಣ್ಣು ಯಾರಿಗೂ ತುರ್ತು ಅನ್ನಿಸಲಿಲ್ಲ. ಲಾಕ್‌ಡೌನ್‌ನಲ್ಲಿ ಇಂಜೆಕ್ಷನ್ ತಪ್ಪಿಸಿಕೊಂಡವರ ನೋಟ ಕುಸಿದದ್ದನ್ನು ಆಮೇಲೆ ಹಲವು ದೇಶಗಳ ಡಾಕ್ಟರರು ಬರೆದಿದ್ದಾರೆ. ಅವರಲ್ಲಿ ಸುಮಾರು ಜನರಿಗೆ ಚಿಕಿತ್ಸೆ ಮತ್ತೆ ಶುರು ಮಾಡಿದರೂ ಹೋದದ್ದು ಪೂರ್ತಿ ಮರಳಲಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಇದು ಇಷ್ಟು ಡೋಸ್‌ಗೆ ಮುಗಿಯಿತು ಅನ್ನುವ ಕಾಯಿಲೆ ಅಲ್ಲ, ಬಿಪಿ, ಶುಗರ್ ಇದ್ದ ಹಾಗೆ ಹತೋಟಿಯಲ್ಲಿ ಇಟ್ಟುಕೊಳ್ಳುವಂಥದ್ದು. ತೋಟದಲ್ಲಿ ಕಳೆ ತೆಗೆದ ವಾರ ನೆಲ ಸ್ವಚ್ಛ ಕಾಣುತ್ತದೆ, ಬೇರು ಒಳಗೇ ಇರುತ್ತದಲ್ಲ, ಇದೂ ಹಾಗೆಯೇ. ಔಷಧದ ಶಕ್ತಿ ಇರುವುದು ಒಂದೆರಡು ತಿಂಗಳು. ಆಮೇಲೆ ವಿಇಜಿಎಫ್ ಮತ್ತೆ ಏರುತ್ತದೆ, ನಾಳ ಮತ್ತೆ ಸೋರಲು ಶುರುಮಾಡುತ್ತದೆ. ಮೊದಲ ಮೂರು ಡೋಸ್ ಸೋರಿಕೆಯನ್ನು ಗಟ್ಟಿಯಾಗಿ ನಿಲ್ಲಿಸಲಿಕ್ಕೆ. ಆಮೇಲೆ ಪರದೆ ಒಣಗಿದ್ದರೆ ಅಂತರವನ್ನು ನಾಲ್ಕು ವಾರದಿಂದ ಆರು, ಎಂಟು, ಹತ್ತು, ಕೆಲವರಿಗೆ ಹನ್ನೆರಡು ವಾರದವರೆಗೆ ನಿಧಾನಕ್ಕೆ ಎಳೆಯುತ್ತಾ ಹೋಗುತ್ತೇವೆ. ಎಳೆದಾಗ ಮತ್ತೆ ನೀರು ಕಂಡರೆ ಒಂದು ಹೆಜ್ಜೆ ಹಿಂದೆ. ಯಾರ ಕಣ್ಣಿಗೆ ಎಷ್ಟು ವಾರ ಅಂತ ಅವರವರ ಕಣ್ಣೇ ಹೇಳಬೇಕು.

"ನೋಟ ಮೊದಲಿನ ಹಾಗೆ ಆಗಲಿಲ್ಲ" ಅಂದಿರಿ. ಸರಿ, ಆದರೆ ಕೇಳಬೇಕಾದದ್ದು ಇನ್ನೊಂದಿದೆ: ಇಂಜೆಕ್ಷನ್ ಕೊಡದಿದ್ದರೆ ಈ ಹೊತ್ತಿಗೆ ಎಷ್ಟು ಉಳಿದಿರುತ್ತಿತ್ತು? ಇದ್ದಷ್ಟು ನಿಂತರೆ ಅದು ಸೋಲಲ್ಲ, ಚಿಕಿತ್ಸೆ ಕೆಲಸ ಮಾಡಿದೆ ಅಂತಲೇ ಅರ್ಥ. ಮುಂದಿನ ಸಲ ಹೋದಾಗ ಮೊದಲ ದಿನದ ಓಸಿಟಿ ಸ್ಕ್ಯಾನ್ (ಪರದೆಯ ಪದರಗಳನ್ನು ತೋರಿಸುವ ಚಿತ್ರ) ಮತ್ತು ಇವತ್ತಿನದ್ದು, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ ಅಂತ ಕೇಳಿ. ಮೊದಲಿನದರಲ್ಲಿ ಪರದೆಯ ಪದರಗಳ ಕೆಳಗೆ ಕಪ್ಪು ಗುಳ್ಳೆಯ ಹಾಗೆ ನೀರು ಕಾಣುತ್ತದೆ, ಈಗ ಅದು ಕುಗ್ಗಿದೆಯಾ, ಇಲ್ಲವಾ ಅಂತ ನಿಮಗೇ ತಿಳಿಯುತ್ತದೆ. ತಂದೆಯವರಿಗೂ ತೋರಿಸಿ. ಕುಗ್ಗದೇ ಇದ್ದರೆ ನಿಲ್ಲಿಸುವುದಲ್ಲ, ಯಾಕೆ ಅಂತ ಹುಡುಕಬೇಕು. ನಮ್ಮ ಏಷ್ಯಾದವರಲ್ಲಿ ಪಾಲಿಪಾಯ್ಡಲ್ ಅನ್ನುವ ಇನ್ನೊಂದು ಬಗೆ ಜಾಸ್ತಿ, ನಾಳದ ತುದಿಯಲ್ಲಿ ಮಣಿಯಂಥ ಉಬ್ಬುಗಳು ಇರುತ್ತವೆ. ಅದಕ್ಕೆ ಹಸಿರು ಬಣ್ಣದ ಔಷಧ ಕೊಟ್ಟು ತೆಗೆಯುವ ಬೇರೆ ಫೋಟೋ ಬೇಕಾಗುತ್ತದೆ, ಕೆಲವರಿಗೆ ಬೆಳಕಿನ ಚಿಕಿತ್ಸೆಯನ್ನೂ ಸೇರಿಸಬೇಕಾಗುತ್ತದೆ. ಕೆಲವರಿಗೆ ಔಷಧ ಬದಲಿಸಿದರೆ ಸಾಕಾಗುತ್ತದೆ.

ಉಳಿದಿರುವುದು ಒಂದೇ ಕಣ್ಣು. ತಂದೆಯವರ ಕೈ ಹಿಡಿದು ಹೇಳಿ, ನಿಲ್ಲಿಸುವುದು ಬೇಡ. ಪ್ರಯಾಣವೇ ಕಷ್ಟ ಆಗುತ್ತಿದ್ದರೆ ನಡುವಿನ ಪರೀಕ್ಷೆಯನ್ನಾದರೂ ಕಾಸರಗೋಡಿನಲ್ಲೇ ಮಾಡಿಸಬಹುದಾ ಅಂತ ನಿಮ್ಮ ಡಾಕ್ಟರರನ್ನು ಕೇಳಿ. ಸ್ಕ್ಯಾನಿನ ಪ್ರತಿ ಯಾವಾಗಲೂ ನಿಮ್ಮ ಹತ್ತಿರವೇ ಇರಲಿ.

ಪ್ರಶ್ನೆ: ಒಂದು ಆಸ್ಪತ್ರೆಯಲ್ಲಿ ಮೂರು ಔಷಧದ ಹೆಸರು, ಮೂರು ರೇಟು ಹೇಳಿ "ಯಾವುದು ಬೇಕು ನೀವೇ ಹೇಳಿ" ಅಂದರು. ನಮಗೇನು ಗೊತ್ತು? ಸಹಿ ಹಾಕುವ ಕಾಗದ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಮಲಯಾಳ. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಕಡಿಮೆ ಬೆಲೆಯದ್ದು ತೆಗೆದುಕೊಂಡರೆ ತಪ್ಪಾ?
— ಶಿಕ್ಷಕಿ, ಮಂಜೇಶ್ವರ

ಉತ್ತರ: ತಪ್ಪಲ್ಲ ಟೀಚರ್. ಬೆಲೆ ಕಡಿಮೆಯದ್ದು ಅಂದರೆ ಸಾಮಾನ್ಯವಾಗಿ ಬೆವಾಸಿಜುಮಾಬ್, ಅವಾಸ್ಟಿನ್ ಅಂತ ಹೆಸರು ಕೇಳಿರಬಹುದು. 2004ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿಗೆ ಅಂತ ಒಪ್ಪಿಗೆ ಸಿಕ್ಕ ಔಷಧ ಅದು. ಮರುವರ್ಷವೇ ಕಣ್ಣಿನ ಡಾಕ್ಟರರು ಅದನ್ನು ತೀರಾ ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಕೊಟ್ಟು ನೋಡಿದರು, ಕೆಲಸ ಮಾಡಿತು. "ಕ್ಯಾನ್ಸರ್ ಔಷಧ ಕೊಟ್ಟರು" ಅಂತ ಗಾಬರಿಯಾಗುವವರು ಇದ್ದಾರೆ, ಗಾಬರಿ ಬೇಡ. 2011ರಲ್ಲಿ ಅಮೆರಿಕ ಸರ್ಕಾರದ ದುಡ್ಡಿನಲ್ಲಿ ನಡೆದ ಕ್ಯಾಟ್ ಅನ್ನುವ ಪರೀಕ್ಷೆಯಲ್ಲಿ ಇದನ್ನೂ ದುಬಾರಿಯ ರಾನಿಬಿಜುಮಾಬನ್ನೂ ಹೋಲಿಸಿದರು, ಒಂದು ವರ್ಷದ ಕೊನೆಗೆ ನೋಟದಲ್ಲಿ ಎರಡೂ ಸಮ. ವಿಶ್ವ ಆರೋಗ್ಯ ಸಂಸ್ಥೆ 2013ರಿಂದ ಇದನ್ನು ಕಣ್ಣಿನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇಟ್ಟಿದೆ.

ಒಂದು ಎಚ್ಚರಿಕೆ ಮಾತ್ರ ಇದೆ. ಇದರ ಬಾಟಲಿ ಕ್ಯಾನ್ಸರ್ ಅಳತೆಯದ್ದು, ಅದರಿಂದ ಹಲವು ಕಣ್ಣಿಗೆ ಪಾಲು ಮಾಡಿ ಕೊಡುತ್ತಾರೆ. ಪಾಲು ಮಾಡುವಾಗ ಶುಚಿ ತಪ್ಪಿದರೆ ಕೀವಾಗುವ ಅಪಾಯ. ಆದ್ದರಿಂದ "ಡೋಸ್ ಎಲ್ಲಿ, ಹೇಗೆ ತುಂಬಿಸುತ್ತೀರಿ?" ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು, ಒಳ್ಳೆಯ ಡಾಕ್ಟರ್ ಬೇಸರಪಡುವುದಿಲ್ಲ. ರಾನಿಬಿಜುಮಾಬಿನದ್ದೇ ಭಾರತದ ತಯಾರಿ 2015ರಲ್ಲಿ ಬಂತು, ರಜುಮಾಬ್ ಅಂತ. ಅದರ ಬೆಲೆ ನಡುವಿನದ್ದು. ಆಮೇಲೆ ಅಫ್ಲಿಬರ್ಸೆಪ್ಟ್, ಫಾರಿಸಿಮಾಬ್ ಇವೆ. ಹತ್ತಾರು ಸಾವಿರದ ಬಾಬತ್ತು, ಆದರೆ ಕೆಲವರಲ್ಲಿ ಅಂತರವನ್ನು ಜಾಸ್ತಿ ಎಳೆಯಲು ಆಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ಒಂದು ದುಬಾರಿ ಡೋಸ್ ತೆಗೆದುಕೊಂಡು ಕೈ ಖಾಲಿಯಾಗಿ ನಿಲ್ಲಿಸುವುದಕ್ಕಿಂತ, ವರ್ಷವಿಡೀ ತಪ್ಪದೆ ತೆಗೆದುಕೊಳ್ಳಲು ಆಗುವ ಔಷಧವೇ ನಿಮ್ಮ ಅಮ್ಮನಿಗೆ ಒಳ್ಳೆಯ ಔಷಧ. ಡಾಕ್ಟರರಿಗೆ ನಿಮ್ಮ ಕೈಯ ಮಿತಿ ಮೊದಲೇ ಹೇಳಿಬಿಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ವಿಮೆ ಇದ್ದರೆ ಇದನ್ನು ನೆನಪಿಡಿ. ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದಲ್ಲಿ, ಆರೋಗ್ಯ ವಿಮೆಯಿಂದ ಹೊರಗಿಡಬಾರದ ಹೊಸ ಚಿಕಿತ್ಸೆಗಳ ಪಟ್ಟಿಯಲ್ಲಿ ಕಣ್ಣಿನೊಳಗಿನ ಇಂಜೆಕ್ಷನ್ನೂ ಇದೆ. ಪಾಲಿಸಿಯಲ್ಲಿ ಇಷ್ಟೇ ಮೊತ್ತ ಅಂತ ಮಿತಿ ಇರಬಹುದು, ಆದರೆ "ಅಡ್ಮಿಟ್ ಆಗಿಲ್ಲ, ಕೊಡುವುದಿಲ್ಲ" ಅಂತ ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಿಕೊಳ್ಳಬೇಡಿ, ಲಿಖಿತವಾಗಿ ಕೇಳಿ. ಸರ್ಕಾರದ ಕಾರ್ಡ್ ಇರುವವರು ಗಡಿ ದಾಟುವ ಮೊದಲೇ ಆ ಆಸ್ಪತ್ರೆಗೆ ಫೋನ್ ಮಾಡಿ, ಕೇರಳದ ಕಾರ್ಡ್ ನಡೆಯುತ್ತದಾ ಅಂತ ವಿಚಾರಿಸಿ.

ಕಾಗದದ ವಿಷಯ ನನಗೂ ಸಂಕಟದ್ದೇ. ಗಡಿನಾಡಿನ ಎಷ್ಟೋ ಅಜ್ಜಿಯಂದಿರು ಏನಂತ ತಿಳಿಯದೇ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಿ, ನರ್ಸ್‌ಗಳಲ್ಲಿ ಕನ್ನಡವೋ ತುಳುವೋ ಬರುವವರು ಒಬ್ಬರಾದರೂ ಇರುತ್ತಾರೆ. ಯಾವ ಕಣ್ಣು, ಯಾವ ಔಷಧ, ತೊಂದರೆ ಆದರೆ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು. ಈ ಮೂರು ತಿಳಿಯದೆ ಸಹಿ ಬೇಡ.

ಪ್ರಶ್ನೆ: ಇಂಜೆಕ್ಷನ್ ಆದ ಮೇಲೆ ಪಥ್ಯ ಏನು? ಬಸ್ಸಿನಲ್ಲಿ ಬರಬಹುದಾ? ನಾನು ದಿನಾ ಬೆಳಿಗ್ಗೆ ಕೆರೆಯಲ್ಲಿ ಮುಳುಗಿ ಸ್ನಾನ ಮಾಡುವವನು. ರಕ್ತ ತೆಳು ಮಾಡುವ ಮಾತ್ರೆಯೂ ಇದೆ.
— ಹಿರಿಯ ಓದುಗ, ಕುಂಬಳೆ

ಉತ್ತರ: ಊಟಕ್ಕೆ ಪಥ್ಯ ಇಲ್ಲ. ಬಸ್ಸು, ರೈಲು ಎಲ್ಲ ಆಗುತ್ತದೆ, ಜೊತೆಗೆ ಒಬ್ಬರು ಇರಲಿ, ಕಣ್ಣು ಉಜ್ಜಬೇಡಿ. ಕೆರೆಯ ಸ್ನಾನ ಮಾತ್ರ ಒಂದು ವಾರ ಖಂಡಿತ ಬೇಡ, ತಲೆಗೆ ನೀರು ಹಾಕುವುದೂ ಡಾಕ್ಟರ್ ಹೇಳಿದ ಮೇಲೆಯೇ. ಕೆರೆಯ ನೀರು ಎಷ್ಟೇ ತಿಳಿ ಇರಲಿ, ಸೂಜಿ ಹೋದ ಕಣ್ಣಿಗೆ ಅದು ಆಗುವುದಿಲ್ಲ. ರಕ್ತ ತೆಳುವಾಗುವ ಮಾತ್ರೆಯನ್ನು ಈ ಇಂಜೆಕ್ಷನ್‌ಗೋಸ್ಕರ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ನೀವಾಗಿ ನಿಲ್ಲಿಸಲೇಬೇಡಿ. ಆದರೆ ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ ಮೊದಲೇ ಹೇಳಬೇಕು, ಆಗ ಔಷಧದ ಆಯ್ಕೆ, ಸಮಯ ಬದಲಾಗಬಹುದು.

ಮರುದಿನ ಕನ್ನಡಿಯಲ್ಲಿ ನೋಡಿದಾಗ ಬಿಳಿ ಭಾಗ ಕೆಂಪಗೆ ರಕ್ತದ ಮಚ್ಚೆಯಾಗಿ ಕಂಡರೆ ಹೆದರಬೇಡಿ, ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಒಂದೆರಡು ದಿನ ಕಪ್ಪು ಗುಳ್ಳೆ ತೇಲಿದ ಹಾಗೆ ಕಾಣಬಹುದು, ಅಯೋಡಿನ್‌ನಿಂದ ಸಂಜೆವರೆಗೆ ಮರಳು ಹೊಕ್ಕ ಹಾಗೆ ಚುಚ್ಚಬಹುದು. ಹೆದರಬೇಕಾದದ್ದು ಬೇರೆ: ಎರಡನೇ ದಿನದಿಂದ ಒಂದು ವಾರದೊಳಗೆ ನೋವು ಏರುತ್ತಾ ಹೋದರೆ, ಕೆಂಪು ಜಾಸ್ತಿಯಾದರೆ, ನೋಟ ಮಂಜಾದರೆ, ಬೆಳಕು ನೋಡಲು ಆಗದಿದ್ದರೆ ಅದು ಕಣ್ಣೊಳಗೆ ಕೀವಾಗುವ ಲಕ್ಷಣ. ಎರಡು, ಮೂರು ಸಾವಿರ ಇಂಜೆಕ್ಷನ್‌ಗೆ ಒಂದರಂತೆ ಆಗುವಂಥದ್ದು, ಅಪರೂಪ, ಆದರೆ ಹಾಗೇನಾದರೂ ಆದಲ್ಲಿ ಗಂಟೆಗಳ ಲೆಕ್ಕ. ಭಾನುವಾರ ಅಂತ ಕಾಯಬೇಡಿ. ಮೆಡಿಕಲ್‌ನಿಂದ ಡ್ರಾಪ್ಸ್ ತಂದು ಹಾಕಿಕೊಂಡು ಸಮಯ ಕಳೆಯಬೇಡಿ.

ಪ್ರಶ್ನೆ: ನನ್ನ ಅಜ್ಜಿಗೆ 86. ಎರಡೂ ಕಣ್ಣಿನ ನಡುವಿನ ನೋಟ ಹೋಗಿದೆ. ಈಗ ಸಂಜೆ ಹೊತ್ತು ಅಂಗಳದಲ್ಲಿ ಬಣ್ಣದ ಸೀರೆ ಉಟ್ಟ ಸಣ್ಣ ಸಣ್ಣ ಹೆಂಗಸರು ಸಾಲಾಗಿ ನಡೆಯುವುದು ಕಾಣುತ್ತದಂತೆ. ಮಾತಾಡುವುದಿಲ್ಲವಂತೆ, ಸುಮ್ನೆ ಹೋಗುತ್ತಾರಂತೆ. ಅಜ್ಜಿ ಮೊದಲು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುವ ಮಾತು ನಡೆಯುತ್ತಿದೆ. ಅರಳುಮರಳಾ ಇದು?
— ಮೊಮ್ಮಗಳು, ಪೆರ್ಲ

ಉತ್ತರ: ಅಜ್ಜಿಯ ಬುದ್ಧಿ ಸರಿಯಾಗಿಯೇ ಇದೆಯಮ್ಮ. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅಂತ ಹೆಸರು. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಅನ್ನುವ ವಿಜ್ಞಾನಿ 1760ರಲ್ಲಿ ತನ್ನ ಸ್ವಂತ ಅಜ್ಜನಿಗೆ ಹೀಗೆ ಜನ, ಹಕ್ಕಿ, ಕಟ್ಟಡ ಎಲ್ಲ ಕಾಣುತ್ತಿದ್ದುದನ್ನು ಬರೆದಿಟ್ಟ. ಆ ಅಜ್ಜನಿಗೂ ಕಣ್ಣು ಮಂದವಾಗಿತ್ತು, ತಲೆ ಚುರುಕಾಗಿತ್ತು. ಕಣ್ಣಿನಿಂದ ಬರುವ ಚಿತ್ರ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಹುಟ್ಟಿಸುತ್ತದೆ, ಅಷ್ಟೇ. ಮಾತಿಲ್ಲ, ಸದ್ದಿಲ್ಲ, ಬರೀ ನೋಟ, ಮತ್ತು ನೋಡುವವರಿಗೆ ಇದು ನಿಜವಲ್ಲ ಅಂತ ಹೆಚ್ಚಾಗಿ ಗೊತ್ತಿರುತ್ತದೆ. ಮನೆಯವರ ಸಮಾಧಾನಕ್ಕೆ ಪ್ರಶ್ನೆ ಇಡಿಸಿದರೆ ನನ್ನ ಆಕ್ಷೇಪ ಇಲ್ಲ. ಆದರೆ ಅಜ್ಜಿಯ ಎದುರಿಗೆ ಇದು ಉಪದ್ರ, ದೋಷ ಅನ್ನುವ ಮಾತು ಬರದಿರಲಿ, ಅವರು ಇಷ್ಟು ದಿನ ಹೇಳದೇ ಇದ್ದದ್ದೇ ಆ ಹೆದರಿಕೆಗೆ.

ಕಂಡಾಗ ಚಾವಡಿಯ ಲೈಟ್ ಹಾಕಿ. ಕಣ್ಣನ್ನು ಎಡಕ್ಕೆ ಬಲಕ್ಕೆ ಕೆಲವು ಸಲ ಹೊರಳಿಸಲು ಹೇಳಿ, ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಹೆಚ್ಚಿನ ಸಲ ಮಾಯವಾಗುತ್ತದೆ. ಪಕ್ಕದಲ್ಲಿ ಯಾರಾದರೂ ಕೂತು ಮಾತಾಡುತ್ತಿದ್ದರೆ ಬರುವುದೇ ಕಡಿಮೆ. ಜೊತೆಗೆ ಜ್ವರ, ಗಲಿಬಿಲಿ, ಮನೆಯವರ ಗುರುತು ತಪ್ಪುವುದು, ಧ್ವನಿ ಕೇಳಿಸುವುದು ಇದ್ದರೆ ಮಾತ್ರ ಅದು ಬೇರೆ, ಕೂಡಲೇ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಅಮ್ಮನಿಗೆ ಈ ಕಾಯಿಲೆ ಇದೆ. ನನಗೆ 52, ಬೀಡಿ ಸೇದುತ್ತೇನೆ. ನನಗೂ ಬರುತ್ತದಾ? ಮೆಡಿಕಲ್‌ನಲ್ಲಿ ಕಣ್ಣಿನ ವಿಟಮಿನ್ ಮಾತ್ರೆ ಕೊಡುತ್ತಾರೆ, ತಿನ್ನಲಾ?
— ಓದುಗ, ಮುಳ್ಳೇರಿಯ

ಉತ್ತರ: ಬಂದೇ ಬರುತ್ತದೆ ಅಂತ ಇಲ್ಲ, ಆದರೆ ರಕ್ತಸಂಬಂಧದಲ್ಲಿ ಇದ್ದರೆ ಸಾಧ್ಯತೆ ಜಾಸ್ತಿ. ಅದರ ಮೇಲೆ ಬೀಡಿ. ವಯಸ್ಸು, ಮನೆತನ ಎರಡೂ ನಿಮ್ಮ ಕೈಯಲ್ಲಿಲ್ಲ, ಬೀಡಿ ಇದೆ. ಇವತ್ತೇ ಬಿಡಿ ಅಂತ ಕೈಮುಗಿದು ಕೇಳುತ್ತೇನೆ.

ಆ ಮಾತ್ರೆ ಎಲ್ಲರಿಗೂ ಅಲ್ಲ. 2001 ಮತ್ತು 2013ರಲ್ಲಿ ಫಲಿತಾಂಶ ಬಂದ ಎರಡು ದೊಡ್ಡ ಅಧ್ಯಯನಗಳಿವೆ. ಒಣ ಬಗೆ ಮಧ್ಯಮ ಹಂತಕ್ಕೆ ಬಂದವರಿಗೆ ಮತ್ತು ಒಂದು ಕಣ್ಣು ಆಗಲೇ ಕೆಟ್ಟವರಿಗೆ, ಮುಂದಿನ ಹಂತಕ್ಕೆ ಹೋಗುವ ಅಪಾಯ ಐದು ವರ್ಷದಲ್ಲಿ ಕಾಲು ಭಾಗದಷ್ಟು ಕಡಿಮೆಯಾಯಿತು. ಕಾಯಿಲೆಯೇ ಇಲ್ಲದವರಿಗೆ ಅದು ತಡೆ ಅಂತ ತೋರಿಸಿಲ್ಲ. ಮತ್ತು ಬೀಡಿ, ಸಿಗರೇಟ್ ಸೇದುವವರು ಬೀಟಾ ಕ್ಯಾರೋಟಿನ್ ಇರುವ ಮಾತ್ರೆ ತಿನ್ನಲೇಬಾರದು, ಶ್ವಾಸಕೋಶದ ಕ್ಯಾನ್ಸರ್ ಸಾಧ್ಯತೆ ಹೆಚ್ಚುತ್ತದೆ. ಅದಕ್ಕೇ ಎರಡನೇ ಅಧ್ಯಯನದಲ್ಲಿ ಅದರ ಬದಲು ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಕೊಟ್ಟು ನೋಡಿದರು. ಲ್ಯೂಟಿನ್ ನಿಮ್ಮ ಹಿತ್ತಲಲ್ಲೇ ಇದೆ: ಹರಿವೆ, ಬಸಳೆ, ನುಗ್ಗೆ ಸೊಪ್ಪು. ಮೀನು ತಿನ್ನುವವರಾದರೆ ಬೂತಾಯಿ ಒಳ್ಳೆಯದು.

ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ತೆಗೆಯಿರಿ. ನಡುವೆ ಪೆನ್ನಿನಲ್ಲಿ ದಪ್ಪ ಚುಕ್ಕೆ ಇಡಿ. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಅಂಗೈಯಿಂದ ಮುಚ್ಚಿ, ಹಾಳೆಯನ್ನು ಒಂದಡಿ ದೂರದಲ್ಲಿ ಹಿಡಿದು ಚುಕ್ಕೆಯನ್ನೇ ನೋಡಿ. ಗೆರೆ ಎಲ್ಲಾದರೂ ಬಾಗಿದೆಯಾ, ಅಳಿಸಿದೆಯಾ? ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಹಾಕುತ್ತದೆ, ಎಷ್ಟೋ ಜನ ತಡವಾಗಿ ಬರುವುದು ಇದರಿಂದಲೇ. ಅಮ್ಮನಿಗೆ ಈ ಪರೀಕ್ಷೆ ದಿನಾ ಮಾಡಿಸಿ. ನೀವು ವಾರಕ್ಕೊಮ್ಮೆ ಮಾಡಿಕೊಳ್ಳಿ, ವರ್ಷಕ್ಕೊಮ್ಮೆ ಪಾಪೆಗೆ ಡ್ರಾಪ್ಸ್ ಹಾಕಿ ರೆಟಿನಾ ತೋರಿಸಿಕೊಳ್ಳಿ. ಗೆರೆ ಬಾಗಿದ್ದು ಕಂಡ ದಿನ ಕನ್ನಡಕದ ಅಂಗಡಿಗೆ ಹೋಗಬೇಡಿ, ನೇರ ರೆಟಿನಾ ಡಾಕ್ಟರ್ ಇರುವ ಕಣ್ಣಿನ ಆಸ್ಪತ್ರೆಗೆ ಹೋಗಿ, ಚೀಟಿ ಬರೆಸುವಾಗಲೇ "ನೇರ ಗೆರೆ ಡೊಂಕಾಗಿ ಕಾಣುತ್ತಿದೆ" ಅಂತ ಹೇಳಿ.